ಯಾರ ಬಲೆ

ಗುರುವಾರ ಗುರುವಾರ, ಹನ್ನೊಂದು ವರ್ಷ,
ತಗಡಿನ ಚಾವಣಿಯ ಕೆಳಗೆ ಶಿಷ್ಯರನ್ನು ತಯಾರಿಸಿದೆ
ಇಟ್ಟಿಗೆ ತಯಾರಿಸುವ ಹಾಗೆ: ತುಂಬು, ಒತ್ತು, ಒಣಗಿಸು.
ಹನ್ನೆರಡು ಪಾಠ, ಕೊನೆಗೊಂದು ಪರೀಕ್ಷೆ.
ಪಾಸಾದವರಿಗೆ ಸಲಿಮಾದಿಂದ ತರಿಸಿದ ದಪ್ಪ ಹಾಳೆ,
ಕೆಂಪು ಮೊಹರು, ನನ್ನ ಸಹಿ.
ಮಲಾವಿ ಸರೋವರದ ಈ ದಡದಲ್ಲಿ
ನೀರು ತಾಗದ ಕಾಗದ ಅದೊಂದೇ.
ಜನ ಅದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿಡುತ್ತಿದ್ದರು.

ಏಳನೆಯ ಪಾಠ, ಬಿಡುವುದು.
ಹೆಂಡ ಬಿಡು, ಹಗೆ ಬಿಡು, ಹಳೆಯ ಕುಣಿತ ಬಿಡು.
ಆಮೇಲೆ ದನಿ ತಗ್ಗಿಸಿ
ಇನ್ನೊಂದು ಸರೋವರದ ನಾಲ್ವರು ಬೆಸ್ತರ ಕತೆ.
ಕೂಡಲೇ, ಎನ್ನುತ್ತಿದ್ದೆ, ಚಿಟಿಕೆ ಹೊಡೆದು,
ಕೂಡಲೇ ಬಲೆ ಬಿಟ್ಟು ಎದ್ದರು!
ಆ ಚಿಟಿಕೆಯೆಂದರೆ ನನಗೆ ಬಲು ಇಷ್ಟ.

ಮಾವುತೊ ಅದನ್ನು ಬೆನ್ನುಮೂಳೆಯಲ್ಲಿ ಕೇಳಿಸಿಕೊಂಡ.
ಜೂನ್ ತಿಂಗಳ ಒಂದು ಬೆಳಗು, ತೆಂಕಣ ಗಾಳಿ ಅಲೆಗಳನ್ನು ಹೆಕ್ಕಿ ಹೆಕ್ಕಿ ಒಗೆಯುವಾಗ,
ಉಸಿಪ ಮೀನಿನ ಬಲೆಯನ್ನು ಮರಳ ಮೇಲೆ,
ಕಣ್ಣುಕಣ್ಣಿಗೂ ಸಿಕ್ಕಿ ಮಿಡುಕುವ ಬೆಳ್ಳಿ ಸಹಿತ,
ಬಿಟ್ಟು ನಡೆದ ಬಸ್ ನಿಲ್ದಾಣಕ್ಕೆ, ಎದೆಗೆ ಪುಸ್ತಕವೊತ್ತಿ.
ಭಾನುವಾರ ಅವನನ್ನು ಎಬ್ಬಿಸಿ ನಿಲ್ಲಿಸಿದೆ: ನೋಡಿ, ಇಗೋ.
ಚಪ್ಪಾಳೆ. ಹೆಂಗಸರು ಲುಲುಲು ಎಂದು ನಾಲಗೆ ಕುಣಿಸಿದರು.
ಅವನ ಹೆಂಡತಿ ಎಸ್ನಾತಿಯ ನಾಲಗೆ
ಹಲ್ಲಿನ ಹಿಂದೆಯೇ ಇತ್ತು.

ಬಿಟ್ಟ ಬಲೆ ಬಿಟ್ಟ ಹಾಗೆ ಇರುವುದಿಲ್ಲ.
ಕಾಗೆ ಕುಕ್ಕುತ್ತದೆ, ನಾಯಿ ಎಳೆಯುತ್ತದೆ,
ಮೀನು ಕೊಳೆತು ನೂಲೂ ಕೊಳೆಯುತ್ತದೆ.
ನೂಲಿನ ಸಾಲ ಮಾತ್ರ ಹೊಸದಾಗಿಯೇ ಇರುತ್ತದೆ.

ಮೂರು ವಾರಕ್ಕೆ ಎಸ್ನಾತಿ ಬಂದಳು. ಕೂರು ಎಂದರೆ ಕೂರಲಿಲ್ಲ.
ಮೇಷ್ಟ್ರೇ, ನನಗೆ ಓದು ಬರದು. ನೋಡಿ ಹೇಳಿ.
ಆ ಕತೆಯಲ್ಲಿ ದೋಣಿಯಲ್ಲಿ ಉಳಿದವರು ಯಾರು?

ನೋಡಿದೆ. ಅಪ್ಪನಿದ್ದ. ಕೂಲಿಯಾಳುಗಳಿದ್ದರು.
ಹನ್ನೊಂದು ವರ್ಷ ಆ ಸಾಲನ್ನು ಚಿಟಿಕೆಯಲ್ಲಿ ದಾಟಿದ್ದೆ.

ನಮ್ಮ ದೋಣಿಯಲ್ಲಿ ನಾನಿದ್ದೇನೆ, ಎಂದಳು,
ಹೊಟ್ಟೆಯ ಮೇಲೆ ಕೈಯಿಟ್ಟು, ಏಳು ತಿಂಗಳು.
ಅವನದು ಸುಳ್ಳಲ್ಲ. ಅವನ ಮಾತು ಕೇಳಿ
ಲಾರಿಯವನೊಬ್ಬ ಗಾಡಿ ನಿಲ್ಲಿಸಿ ಅತ್ತನಂತೆ.
ಆದರೆ ಕರೆ ನನಗೂ ಕೇಳಿಸಿತ್ತು, ಮೇಷ್ಟ್ರೇ.
ಯಾರಾದರೂ ಬಲೆ ಹಿಡಿದುಕೊಂಡಿದ್ದರೆ
ನಾನೂ ಬಿಡುತ್ತಿದ್ದೆ.

ಹೋದಳು. ಸೈಕಲ್ಲು, ಸೀಮೆಸುಣ್ಣ, ಹಾಜರಿ ಪುಸ್ತಕ,
ಒಂದೊಂದನ್ನೇ ನೋಡುತ್ತ ಕೂತೆ.
ಬಿಡು ಬಿಡು ಎಂದು ಕಲಿಸಿದವನು ಬಿಟ್ಟದ್ದೇನು?
ಒಮ್ಮೆ ಸಕ್ಕರೆ. ನಲವತ್ತು ದಿನ.

ನಮ್ಮ ಚೆವಾ ಮಾತಿನಲ್ಲಿ ಶಿಷ್ಯನಿಗೂ
ಮೂಗು ಸುರಿಸಿಕೊಂಡು ಶಾಲೆಗೆ ಓಡುವ ಮಗುವಿಗೂ
ಒಂದೇ ಪದ: ಕಲಿಯುವವನು.
ದಿನಕ್ಕೆ ನೂರು ಸಲ ಆಡಿದ ಪದ.
ಕಲಿಯುವವನಿಗೆ ನಾನು
ಕಲಿತು ಮುಗಿಸಿದ್ದಕ್ಕೆ ಕಾಗದ ಕೊಟ್ಟೆ.
ಕಲಿಸುವ ಕುರ್ಚಿ ಸಿಕ್ಕಿತೆಂದು
ಕಲಿಯುವ ಬೆಂಚಿನಿಂದ ಯಾವತ್ತು ಎದ್ದೆನೋ,
ಹಾಜರಿಯಲ್ಲಿ ಅದಕ್ಕೆ ಗುರುತಿಲ್ಲ.

ಮುಂದಿನ ಗುರುವಾರ ಬಾಗಿಲು ತೆರೆಯಲಿಲ್ಲ.
ದಡದಲ್ಲಿ ಅವಳು ಬಲೆ ಹರವಿಕೊಂಡಿದ್ದಳು,
ಮರದ ಸೂಜಿ ಒಂದೇ. ಎರಡನೆಯದನ್ನು ಕೇಳಿದೆ.
ನಕ್ಕಳೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿದಳೋ,
ಮಗುವಿಗೆಂದು ತೆಗೆದಿಟ್ಟದ್ದನ್ನು ಕೊಟ್ಟಳು, ಚಿಕ್ಕದು.
ಹೊತ್ತು ಏರಿತು. ದೂರದಲ್ಲಿ ಮಾವುತೊ,
ಪುಸ್ತಕದ ಮೇಲೆ ಧೂಳು, ತುಟಿಯೊಡೆದಿತ್ತು.
ಬಾ ಎಂದೂ ಅನ್ನಲಿಲ್ಲ, ಹೋಗೆಂದೂ ಅನ್ನಲಿಲ್ಲ ಯಾರೂ.
ಅವನು ಚಪ್ಪಲಿ ಬಿಡುವುದೋ ಬೇಡವೋ ಎಂದು ನಿಂತಿದ್ದ.

ನನ್ನ ಮೊದಲ ಗಂಟು ಜಾರಿತು.
ಎರಡನೆಯದೂ.
ಅದಲ್ಲ, ಎಂದಳು ಎಸ್ನಾತಿ, ಕತ್ತೆತ್ತದೆ,
ಬಿಚ್ಚಿ. ಮತ್ತೆ ಹಾಕಿ.